ಅಕ್ಕ ಮೂರು ಸಲ ಬಿದ್ದಳು

ನಮ್ಮ ಕಡೆ ಮೈಮೇಲೆ ಗಂಟು ತಾನಾಗಿ ಏಳುವುದಿಲ್ಲ. ಗಂಟು ಎದ್ದವರೆಲ್ಲ ಎಲ್ಲೋ ಒಂದು ಕಡೆ ಬಿದ್ದಿರುತ್ತಾರೆ. ಅಡರಕಟ್ಟಿಯವನಿಗೆ ಎತ್ತು ಹಾಯ್ದಿರುತ್ತದೆ, ಶಿಗ್ಲಿಯವಳ ಮೇಲೆ ಜೋಳದ ಚೀಲ ಉರುಳಿರುತ್ತದೆ, ಶಿರಹಟ್ಟಿಯ ಮಾಸ್ತರರು ಬಸ್ಸಿನ ಮೆಟ್ಟಿಲು ತಪ್ಪಿರುತ್ತಾರೆ. ಇಷ್ಟು ವರ್ಷ ಈ ಕೆಲಸ ಮಾಡಿದ ಮೇಲೆ, ನಮ್ಮ ಜಿಲ್ಲೆಯಲ್ಲಿ ನೆಟ್ಟಗೆ ನಡೆಯುವವರೇ ಇಲ್ಲವೇನೋ ಎಂದು ನನಗೆ ಅನುಮಾನ ಬಂದಿದೆ.

ನನ್ನ ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ. ನಾನು ಡಾಕ್ಟರಾದರೂ ರೋಗಿಯ ನಾಡಿ ಹಿಡಿಯುವವಳಲ್ಲ. ಗದಗಿನಲ್ಲಿ ನನ್ನದೊಂದು ಸಣ್ಣ ಲ್ಯಾಬ್ ಇದೆ. ಲಕ್ಷ್ಮೇಶ್ವರ, ಮುಂಡರಗಿ, ಶಿರಹಟ್ಟಿಯ ಡಾಕ್ಟರುಗಳು ರೋಗಿಯ ಮೈಯಿಂದ ತೆಗೆದ ಚೂರನ್ನು ಬಾಟಲಿಯಲ್ಲಿ ಹಾಕಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸುತ್ತಾರೆ. ಆ ಚೂರನ್ನು ಮೇಣದಲ್ಲಿ ಕೂರಿಸಿ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ದು, ಗಾಜಿನ ಮೇಲೆ ಹರವಿ ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿ ಇದು ಇಂಥದ್ದು ಎಂದು ಹೇಳುವುದು ನನ್ನ ಹೊಟ್ಟೆಪಾಡು. ನಮ್ಮಪ್ಪ ಬೆಟಗೇರಿಯಲ್ಲಿ ನೂಲಿಗೆ ಬಣ್ಣ ಹಾಕುತ್ತಿದ್ದ. ನಾನು ನೂಲಿಗೆ ಹಾಕುತ್ತೇನೆ, ನೀನು ಮಾಂಸಕ್ಕೆ ಹಾಕುತ್ತೀಯ, ಮನೆತನದ ಕಸುಬು ಬಿಡಲಿಲ್ಲ ಬಿಡು ಎಂದು ನಗುತ್ತಿದ್ದ.

ಬರುವ ಗಂಟುಗಳಲ್ಲಿ ಹೆಚ್ಚಿನವು ಬರೀ ಕೊಬ್ಬಿನವು. ಅವನ್ನು ನೋಡಲು ನನ್ನಂಥವಳು ಬೇಕಾಗಿಯೇ ಇಲ್ಲ. ಆದರೆ ಎಲುಬಿನಲ್ಲಿ, ಮಾಂಸಖಂಡದಲ್ಲಿ ಹುಟ್ಟುವ ಸಾರ್ಕೋಮಾ ಎಂಬ ಕ್ಯಾನ್ಸರ್ ಒಂದಿದೆ. ತೀರಾ ಅಪರೂಪಕ್ಕೆ ಬರುತ್ತದೆ, ಬಂದಾಗ ಸಾದಾ ಗಂಟಿನ ವೇಷದಲ್ಲಿಯೇ ಬರುತ್ತದೆ. ಅಪರೂಪವಾಗಿದ್ದರಿಂದ ಯಾರಿಗೂ ಅದರ ನೆನಪೇ ಆಗುವುದಿಲ್ಲ. ನನಗೂ ಆಗದೆ ಹೋದೀತು ಎಂಬ ಹೆದರಿಕೆಯಿಂದ ಪ್ರತಿ ಬಾಟಲಿಯನ್ನೂ ಸಂಶಯದಿಂದಲೇ ತೆರೆಯುತ್ತೇನೆ. ಇದರಿಂದ ನನ್ನ ಸ್ವಭಾವವೂ ಹಾಗೇ ಆಗಿದೆ ಎಂದು ಮನೆಯವರ ದೂರು.

ಈ ಬಿದ್ದವರ ಮಾತು ನನಗೆ ಯಾಕೆ ಮುಖ್ಯವೆಂದರೆ, ತೊಡೆಗೋ ತೋಳಿಗೋ ಜೋರಾಗಿ ಪೆಟ್ಟು ಬಿದ್ದರೆ ಕೆಲವರಿಗೆ ಒಳಗಿನ ಮಾಂಸದಲ್ಲಿಯೇ ಹೊಸ ಎಲುಬು ಬೆಳೆಯುತ್ತದೆ. ನೋಡಿದರೆ ಭಯವಾಗುವಂಥ ಗಂಟು, ಆದರೆ ನಿರಪಾಯದ್ದು. ಮುಟ್ಟದೆ ಬಿಟ್ಟರೆ ಕೆಲವು ತಿಂಗಳಲ್ಲಿ ತಾನೇ ಮಾಗಿ ಸುಮ್ಮನಾಗುತ್ತದೆ. ಸಾರ್ಕೋಮಾಗಳಲ್ಲಿಯೂ ಒಂದು ಜಾತಿ ಇದೆ, ಅದೂ ಮಾಂಸದ ನಡುವೆ ಕುಳಿತು ಎಲುಬು ಮಾಡುತ್ತದೆ. ಅದು ಕೊಲ್ಲುತ್ತದೆ. ಇವೆರಡರ ಚೂರನ್ನು ಅಕ್ಕಪಕ್ಕ ಇಟ್ಟರೆ ಎಂಥವರಿಗೂ ಎದೆ ಧಸಕ್ಕೆನ್ನಬೇಕು, ಅಷ್ಟು ಹೋಲಿಕೆ. ಇಡೀ ಗಂಟು ಕೈಗೆ ಸಿಕ್ಕರೆ ಗುರುತು ಹಿಡಿಯಬಹುದು. ಪೆಟ್ಟಿನ ಗಂಟು ಬಾಣಲೆಯಲ್ಲಿಟ್ಟ ಬೆಲ್ಲದ ಪಾಕ ಇದ್ದ ಹಾಗೆ, ಅಂಚಿನಿಂದ ಗಟ್ಟಿಯಾಗುತ್ತ ಬರುತ್ತದೆ. ಕ್ಯಾನ್ಸರಿನದು ತಿರುವು ಮುರುವು: ನಡುವೆ ಗಟ್ಟಿ, ಅಂಚು ಹಸಿ. ಆದರೆ ಸೂಜಿಯಲ್ಲಿ ತೆಗೆದ ಚೂರಿನಲ್ಲಿ ಅಂಚು ಯಾವುದು ನಡು ಯಾವುದು? ಅಂಥ ಹೊತ್ತಿನಲ್ಲಿ ಪೆಟ್ಟು ಬಿದ್ದಿತ್ತೇ, ಯಾವಾಗ ಬಿದ್ದಿತ್ತು ಎಂಬ ಒಂದು ಮಾತಿನ ಮೇಲೆ ನಾವು ವಾಲುತ್ತೇವೆ.

ಆ ಮಾತನ್ನೇ ನಮ್ಮ ಜನ ಸುಳ್ಳು ಹೇಳುತ್ತಾರೆ. ಕೆಟ್ಟತನದಿಂದಲ್ಲ. ಬಿದ್ದು ಬಂದ ಗಂಟು ಬರೀ ಹಣೆಬರಹ, ಯಾರ ಮನೆಯಲ್ಲೂ ಆಗಬಹುದು. ತಾನಾಗಿ ಬಂದ ಗಂಟಿಗೆ ಮಾತ್ರ ಊರು ಕಾರಣ ಹುಡುಕುತ್ತದೆ. ಯಾರ ಶಾಪವೋ, ಯಾವ ಪಾಪವೋ, ಇಲ್ಲದಿದ್ದರೆ ರಕ್ತದಲ್ಲೇ ಇದೆ. ರಕ್ತದಲ್ಲಿದೆ ಎಂದಮೇಲೆ ಆ ಮನೆಯ ಹೆಣ್ಣು ಯಾರು ತರುತ್ತಾರೆ, ಆ ಮನೆಗೆ ಹೆಣ್ಣು ಯಾರು ಕೊಡುತ್ತಾರೆ? ಅದಕ್ಕೇ ಎಲ್ಲರೂ ಬೀಳುತ್ತಾರೆ.

ಹಾಗೆ ಬಿದ್ದವರಲ್ಲಿ ನಮ್ಮ ಅಕ್ಕನೂ ಒಬ್ಬಳು. ಒಡಹುಟ್ಟಿದವಳಲ್ಲ. ಬೆಟಗೇರಿಯ ನಮ್ಮ ಓಣಿಯಲ್ಲಿ ಅವರ ಮನೆಗೂ ನಮ್ಮ ಮನೆಗೂ ಗೋಡೆ ಒಂದೇ. ನನಗಿಂತ ನಾಲ್ಕೈದು ವರ್ಷ ದೊಡ್ಡವಳು, ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು. ಅವಳನ್ನು ಅದೇ ಓಣಿಗೆ ಕೊಟ್ಟರು, ಹೀಗಾಗಿ ತವರು ಬೇರೆ ಗಂಡನ ಮನೆ ಬೇರೆ ಅನ್ನುವುದು ಅವಳಿಗೆ ಗೊತ್ತಾಗಲೇ ಇಲ್ಲ. ಮೊದಲು ಅಪ್ಪನ ಮಗ್ಗದಲ್ಲಿ ಕೂತಳು, ಆಮೇಲೆ ಗಂಡನ ಮಗ್ಗದ ಪಕ್ಕದ ಮಗ್ಗದಲ್ಲಿ. ನಾನು ಓದಿ ಡಾಕ್ಟರಾಗಿ ಬಂದಾಗ ಓಣಿಯವರೆಲ್ಲ ನನಗೆ ಬಹುವಚನ ಹಚ್ಚಿದರು. ಇವಳೊಬ್ಬಳು ಮಾತ್ರ ಏನಲೇ ತಂಗಿ ಎಂದೇ ಕರೆಯುತ್ತ ಹೋದಳು. ಆ ಕರೆ ಕೇಳುವುದಕ್ಕಾಗಿಯೇ ನಾನು ಬೆಟಗೇರಿಗೆ ಹೋಗುತ್ತಿದ್ದೆ.

ನಮ್ಮವು ಕುಣಿಮಗ್ಗ. ನೆಲದಲ್ಲಿ ಮೊಣಕಾಲಿನ ಆಳದ ಕುಣಿ ತೋಡಿರುತ್ತಾರೆ. ನೇಯುವವರು ನೆಲದ ಮಟ್ಟದಲ್ಲಿ ಕೂತು, ಕಾಲನ್ನು ಕುಣಿಯೊಳಗೆ ಇಳಿಬಿಟ್ಟು, ಕೆಳಗಿನ ಹಲಗೆ ತುಳಿಯುತ್ತ ಮೇಲೆ ಲಾಳಿ ಓಡಿಸುತ್ತಾರೆ. ನೇಯ್ದ ಸೀರೆ ಸುತ್ತಿಕೊಳ್ಳುವ ಮರದ ದಿಂಡು ಮಡಿಲಿನ ಮುಂದೆಯೇ ಅಡ್ಡ ಇರುತ್ತದೆ. ಕುಣಿಗೆ ಇಳಿಯುವುದಕ್ಕೂ ಒಂದು ರೂಢಿ ಇದೆ: ಮೊದಲು ಅಂಚಿನ ಮೇಲೆ ಕೂರಬೇಕು, ಒಂದು ಕೈ ನೆಲಕ್ಕೆ ಊರಬೇಕು, ಆಮೇಲೆ ಎರಡೂ ಕಾಲು ಜೋಡಿಸಿ ದಿಂಡಿನ ಕೆಳಗೆ ತೂರಿಸಬೇಕು. ಓಣಿಯ ಮಕ್ಕಳೆಲ್ಲ ಆ ಕುಣಿಗಳಲ್ಲಿ ಬಿದ್ದೇ ಬೆಳೆದವರು. ನನ್ನ ಮೊಣಕಾಲ ಕೆಳಗೆ ಇನ್ನೂ ಗಾಯದ ಕಲೆಗಳಿವೆ.

ಆ ವರ್ಷದ ಶ್ರಾವಣ ಕಳೆದ ಮೇಲೆ ಅಕ್ಕ ಊರಿನ ಒಬ್ಬ ಸರ್ಜನ್ ಹತ್ತಿರ ಹೋಗಿದ್ದಾಳೆ. ನನಗೆ ಹೇಳದೆ. ತೊಡೆಯ ಒಳಮಗ್ಗುಲಲ್ಲಿ ಗಂಟು, ಮಗ್ಗದ ಕುಣಿಯಲ್ಲಿ ಬಿದ್ದೆ ಎಂದಿದ್ದಾಳೆ. ಅವರು ಎಕ್ಸ್-ರೇ ತೆಗೆಸಿದ್ದಾರೆ, ಅದರಲ್ಲಿ ಮೋಡದಂತೆ ಬೆಳ್ಳಗೆ ಏನೋ ಕಂಡಿದೆ. ಪೆಟ್ಟಿನ ಜಾಗದಲ್ಲಿ ಎಲುಬು ಮೂಡುತ್ತಿದೆ, ತಿಕ್ಕಬೇಡಿ, ಒತ್ತಬೇಡಿ, ತಾನೇ ಮಾಗುತ್ತದೆ ಎಂದು ಕಳಿಸಿದ್ದಾರೆ. ಅವರು ಕೇಳಿದ್ದು ಖರೆಯಾಗಿದ್ದರೆ ಅವರು ಮಾಡಿದ್ದೂ ಸರಿಯೇ. ಅವರ ಜಾಗದಲ್ಲಿ ನಾನಿದ್ದರೂ ಅಷ್ಟನ್ನೇ ಹೇಳುತ್ತಿದ್ದೆ.

ದೀಪಾವಳಿ ಹೊತ್ತಿಗೆ ಗಂಟು ಮಾಗಲಿಲ್ಲ, ಬೆಳೆಯಿತು. ಮತ್ತೆ ಹೋದಳು. ಇಷ್ಟು ದಿನಕ್ಕೆ ಇದು ಗಟ್ಟಿಯಾಗಿ ನಿಲ್ಲಬೇಕಿತ್ತಲ್ಲ ಎಂದು ಸರ್ಜನ್ ಹುಬ್ಬು ಗಂಟಿಕ್ಕಿದ್ದಾರೆ. ಅಕ್ಕ ತಡಮಾಡದೆ, ಮೊನ್ನೆ ಮತ್ತೆ ಬಿದ್ದೆ ಎಂದಿದ್ದಾಳೆ. ಅದೇ ಜಾಗಕ್ಕೆ ಬಡಿಯಿತು ಎಂದಿದ್ದಾಳೆ. ಅಲ್ಲಿಗೆ ಲೆಕ್ಕವೆಲ್ಲ ಮೊದಲಿನಿಂದ ಶುರುವಾಯಿತು. ಆದರೂ ಅವರಿಗೆ ಸಮಾಧಾನವಾಗದೆ, ಒಂದಿಷ್ಟು ದಿನ ಕಾದು, ಸೂಜಿ ಹಾಕಿ ಚೂರು ತೆಗೆದು ನನಗೆ ಕಳಿಸಿದರು. ಬಾಟಲಿಯ ಮೇಲಿನ ಹೆಸರು, ಜೊತೆಗಿನ ಚೀಟಿ ಓದಿದಾಗಲೇ ನನಗೆ ಗೊತ್ತಾದದ್ದು.

ಗಾಜಿನ ಮೇಲೆ ಬಂದದ್ದು ನೂಲಿನಂಥ ಎರಡು ತುಣುಕು. ಎಳೆ ಎಲುಬು ಗುಲಾಬಿ ಬಣ್ಣದಲ್ಲಿ ಹೆಣೆದುಕೊಂಡಿತ್ತು, ಅದರ ಸಂದಿಯಲ್ಲಿ ನೇರಳೆ ಬಣ್ಣದ ಜೀವಕೋಶಗಳು, ಸಾಲು ತಪ್ಪಿ, ಒಂದರ ಹಾಗೆ ಒಂದಿಲ್ಲದೆ, ಕೆಲವು ಎರಡಾಗಿ ಒಡೆಯುವ ಅವಸರದಲ್ಲಿ. ನೋಡಿದ ಕೂಡಲೇ ಕ್ಯಾನ್ಸರ್ ಎಂದೇ ಅನಿಸಿತು. ಆದರೆ ಹೊಸ ಪೆಟ್ಟಿನ ಗಂಟಿನ ನಡುಭಾಗವೂ ಹೀಗೇ ಅಡ್ಡಾದಿಡ್ಡಿ ಇರುತ್ತದೆ. ಮೊನ್ನೆ ತಾನೇ ಮತ್ತೆ ಬಿದ್ದವಳು. ಕ್ಯಾನ್ಸರ್ ಎಂದು ನಾನು ಬರೆದು ಅದು ಬರೀ ಪೆಟ್ಟಾಗಿದ್ದರೆ, ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದಂತೆ, ಅಕ್ಕನ ಕಾಲೇ ಹೋಗುತ್ತದೆ. ಪೆಟ್ಟು ಎಂದು ಬರೆದು ಅದು ಕ್ಯಾನ್ಸರ್ ಆಗಿದ್ದರೆ ಅಕ್ಕನೇ ಹೋಗುತ್ತಾಳೆ. ವಯಸ್ಸು ನೋಡಿದರೆ ಕ್ಯಾನ್ಸರ್ ಕಡೆ ತೂಗುತ್ತಿತ್ತು, ಅವಳ ಮಾತು ಕೇಳಿದರೆ ಪೆಟ್ಟಿನ ಕಡೆ.

ಸರ್ಜನ್‌ಗೆ ಫೋನ್ ಮಾಡಿದೆ. ಎರಡು ಸಲ ಬಿದ್ದದ್ದನ್ನು ಅವರು ವಿವರವಾಗಿ ಹೇಳಿದರು. ಕೇಳುತ್ತ ಕೇಳುತ್ತ ನನಗೆ ಸಿಟ್ಟು ಬರತೊಡಗಿತು. ಹಲ್ಲು ಬಿದ್ದು ಹೊಸ ಹಲ್ಲು ಬರುವ ವಯಸ್ಸಿನಿಂದ ಮಗ್ಗಕ್ಕೆ ಇಳಿದವಳು, ಬಸುರಿಯಿದ್ದಾಗ, ಜ್ವರದಲ್ಲಿದ್ದಾಗ, ಕರೆಂಟ್ ಹೋದ ಕತ್ತಲಲ್ಲಿ ಇಳಿದವಳು, ಈಗ ನಾಲ್ಕು ತಿಂಗಳಲ್ಲಿ ಎರಡು ಸಲ ಜಾರಿದಳೇ? ಅದೂ ಒಳತೊಡೆಗೆ ಬಡಿಯುವ ಹಾಗೆ? ಕುಣಿಯಲ್ಲಿ ಬಿದ್ದರೆ ಮುಂಗಾಲು ತರಚುತ್ತದೆ, ಮೊಣಕಾಲು ಒಡೆಯುತ್ತದೆ, ಕೆಟ್ಟ ನಸೀಬಿದ್ದರೆ ಸೊಂಟಕ್ಕೆ ದಿಂಡು ಬಡಿಯುತ್ತದೆ. ಒಳತೊಡೆಗೆ ಬಡಿಯಲು ಆ ಕುಣಿಯಲ್ಲಿ ಏನೂ ಇಲ್ಲ. ಸರ್ಜನ್ ಮಗ್ಗ ಕಂಡವರಲ್ಲ. ನಾನು ಕಂಡವಳು.

ಅವತ್ತೇ ಮಧ್ಯಾಹ್ನ ಬೆಟಗೇರಿಗೆ ಹೋದೆ. ಅಕ್ಕನ ಗಂಡ ನೇಯ್ದ ಸೀರೆಗಳನ್ನು ಅಂಗಡಿಗೆ ಮುಟ್ಟಿಸಲು ಹೋಗಿದ್ದ. ಮಗಳು ಲಕ್ಷ್ಮೇಶ್ವರದ ಸೋದರಮಾವನ ಮನೆಗೆ ಹೋಗಿದ್ದಳು. ಅಕ್ಕ ಒಬ್ಬಳೇ ಗೋಡೆಗೆ ಆತು ಕಾಲು ಚಾಚಿ ಕೂತಿದ್ದಳು. ಮಗ್ಗದ ಮೇಲೆ ತೊಲೆಯಿಂದ ದಪ್ಪ ಹಗ್ಗ ಇಳಿಬಿಟ್ಟಿತ್ತು. ಕುಣಿಯ ಅಂಚಿಗೆ ಹೊಸದಾಗಿ ಸಿಮೆಂಟ್ ಮೆತ್ತಿ, ಜಾರದಂತೆ ಗೀರು ಎಳೆದಿದ್ದರು. ಏನಿದೆಲ್ಲ ಎಂದು ಕೇಳಿದೆ. ಮೊದಲ ಸಲ ಬಿದ್ದಾಗ ಗಂಡ ಅಂಚು ಸರಿ ಮಾಡಿದನಂತೆ, ಎರಡನೆಯ ಸಲ ಬಿದ್ದಾಗ ಹಿಡಿದು ಇಳಿಯಲಿ ಎಂದು ಹಗ್ಗ ಕಟ್ಟಿದನಂತೆ. ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ.

“ಹೆಂಗ ಬಿದ್ದಿ, ತೋರಿಸು ಬಾ,” ಎಂದೆ.

ಹುಚ್ಚಿಯೇನು ನೀನು ಎಂದು ನಕ್ಕಳು. ನಾನು ನಗಲಿಲ್ಲ. ಅವಳು ನಿಧಾನಕ್ಕೆ ಎದ್ದು, ಕುಂಟುತ್ತ ಬಂದು, ಅಂಚಿನ ಮೇಲೆ ಕೂತಳು. ಒಂದು ಕೈ ನೆಲಕ್ಕೆ ಊರಿದಳು. ಹಗ್ಗವನ್ನು ಮುಟ್ಟಲೂ ಇಲ್ಲ. ನೋಯುವ ಕಾಲನ್ನು ಇನ್ನೊಂದು ಕಾಲಿನ ಜೊತೆ ಜೋಡಿಸಿ ದಿಂಡಿನ ಕೆಳಗೆ ತೂರಿಸಿ, ಒಂದಿಷ್ಟೂ ಸದ್ದಿಲ್ಲದೆ ತನ್ನ ಜಾಗದಲ್ಲಿ ಕೂತಿದ್ದಳು. ಅವಳ ಮೈಗೆ ಬೀಳುವುದು ಬರುತ್ತಿರಲಿಲ್ಲ. ಅದು ಅವಳಿಗೂ ಗೊತ್ತಾಯಿತು, ನನಗೂ ಗೊತ್ತಾಯಿತು. ಇಬ್ಬರೂ ಒಮ್ಮೆಲೇ ನಕ್ಕೆವು. ನಗುತ್ತ ನಗುತ್ತ ನನಗೆ ಅಳು ಬಂತು.

“ಬಿದ್ದಿಲ್ಲ ತಂಗಿ,” ಎಂದಳು. “ಮೈ ತೊಳಕೊಳ್ಳುವಾಗ ಕೈಗೆ ಹತ್ತಿತು. ಆಗಿನ್ನೂ ಒಂದು ಸುಪಾರಿಯಷ್ಟಿತ್ತು.”

ಯಾಕೆ ಸುಳ್ಳು ಹೇಳಿದೆ ಎಂದು ಗದರಿದೆ. ಆ ಗಂಟು ಕೈಗೆ ಹತ್ತಿದ ಹೊತ್ತಿನಲ್ಲೇ ಮುಂಡರಗಿಯಿಂದ ಮಗಳಿಗೆ ಸಂಬಂಧ ಬಂದಿತ್ತಂತೆ. ಕಿರಾಣಿ ಅಂಗಡಿಯ ಮನೆತನ, ಒಳ್ಳೆಯ ಹುಡುಗ. ಹುಡುಗನ ತಾಯಿ ಹೆಣ್ಣು ನೋಡಲು ಬಂದವಳು, ಅಕ್ಕ ಕುಂಟುವುದನ್ನು ನೋಡಿ ಕಾಲಿಗೆ ಏನಾಯಿತು ಎಂದು ಕೇಳಿದ್ದಾಳೆ. ಕುಣಿಯಲ್ಲಿ ಜಾರಿದೆ ಎಂದು ಬಾಯಿಗೆ ಬಂದದ್ದನ್ನು ಅಕ್ಕ ಹೇಳಿದ್ದಾಳೆ. ಅವರಿಗೆ ಹೇಳಿದ ಮೇಲೆ ಗಂಡನಿಗೂ ಅದನ್ನೇ ಹೇಳಬೇಕಾಯಿತು. ಗಂಡ ಜೊತೆಗೆ ಬಂದಿದ್ದರಿಂದ ಡಾಕ್ಟರಿಗೂ ಅದನ್ನೇ ಹೇಳಬೇಕಾಯಿತು.

“ಸಾವಿರ ಸುಳ್ಳು ಹೇಳಿ ಒಂದು ಲಗ್ನಾ ಮಾಡು ಅಂತಾರ. ನಾ ಒಂದ ಹೇಳೀನಿ,” ಎಂದಳು.

ಇದು ಕ್ಯಾನ್ಸರೇ ಆಗಿದ್ದರೂ ರಕ್ತದಲ್ಲಿ ಇಳಿದು ಬರುವಂಥದ್ದಲ್ಲ, ಮಗಳಿಗೆ ಇದರಿಂದ ಏನೂ ಇಲ್ಲ ಎಂದು ಹೇಳಿದೆ. ಅವಳು ನಂಬಲಿಲ್ಲ. ನೀನು ಹಾಗೇ ಹೇಳುತ್ತೀ, ಧೈರ್ಯ ತುಂಬುವುದಕ್ಕೆ ಎಂದಳು. ಅವಳ ಸೋದರತ್ತೆಯ ಕುತ್ತಿಗೆಯಲ್ಲಿ ಒಂದು ಗಂಟಿತ್ತು, ಅದು ಲೆಕ್ಕಕ್ಕೆ ಬಂತು. ಅದು ಗಳಗಂಡ, ಆ ಮುದುಕಿ ಅದನ್ನು ಹೊತ್ತುಕೊಂಡೇ ಮೊಮ್ಮಕ್ಕಳ ಮದುವೆ ಮಾಡಿ ಹಾಯಾಗಿ ಹೋದಳು ಎಂದೆ. ಗಂಟು ಗಂಟೇ ಎಂದಳು. ಓಣಿಯವರೂ ಹಾಗೇ ಅನ್ನುತ್ತಾರೆ, ಗಡಿಗೆಯ ಬಾಯಿ ಮುಚ್ಚಬಹುದು, ಮಂದಿ ಬಾಯಿ ಮುಚ್ಚಲಾಗುತ್ತದೇನು ಎಂದಳು. ನನ್ನ ಇಷ್ಟು ವರ್ಷದ ಓದು ಆ ಮನೆಯಲ್ಲಿ ಮೂರು ಕಾಸಿಗೂ ಬಾಳಲಿಲ್ಲ. ನನಗೆ ಅವಳ ಮೇಲೆ ವಿಪರೀತ ಕೋಪ ಬಂತು, ಅವಳ ಕೈ ಬಿಡಲು ಮಾತ್ರ ಮನಸ್ಸಾಗಲಿಲ್ಲ.

ಹೊರಡುವಾಗ ಒಂದು ಮಾತು ತೆಗೆದುಕೊಂಡಳು. ಡಾಕ್ಟರಿಗೆ ಖರೆ ಹೇಳು, ಮನೆಯಲ್ಲಿ ಯಾರಿಗೂ ಹೇಳಬೇಡ ಎಂದು. ಯಾವ ರೋಗಿ ಹೇಳಿದ್ದನ್ನೂ ನಾನು ಊರಿಗೆ ಸಾರುವವಳಲ್ಲ. ಆತು ಎಂದೆ.

ವಾಪಸು ಬಂದು ಮತ್ತೆ ಅದೇ ಗಾಜುಗಳನ್ನು ನೋಡಿದೆ. ಒಂದು ಚುಕ್ಕೆಯೂ ಬದಲಾಗಿರಲಿಲ್ಲ, ಆದರೆ ಈಗ ಅವುಗಳಲ್ಲಿ ಸಂಶಯಕ್ಕೆ ಜಾಗವೇ ಉಳಿದಿರಲಿಲ್ಲ. ಬೀಳದವಳ ತೊಡೆಯಲ್ಲಿ ಇಷ್ಟು ಹಸಿ ಎಲುಬು ಹುಟ್ಟಲು ಬೇರೆ ಕಾರಣವಿಲ್ಲ. ಸರ್ಜನ್‌ಗೆ ಹೇಳಿದೆ.  ನನಗೆ ಪಾಠ ಕಲಿಸಿದ್ದ ಬೆಂಗಳೂರಿನ ಮೇಷ್ಟ್ರಿಗೂ ಗಾಜುಗಳನ್ನು ಕಳಿಸಿದೆ. ಈ ರೋಗವನ್ನು ಒಬ್ಬರ ಕಣ್ಣಿನ ಮೇಲೆ ಬಿಡಬಾರದು ಎಂದು ಅವರೇ ಹೇಳಿಕೊಟ್ಟಿದ್ದರು. ನೀನು ಬರೆದದ್ದೇ ಸರಿ ಎಂದು ಉತ್ತರ ಬಂತು. ಜೀವನದಲ್ಲಿ ಮೊದಲ ಸಲ, ನನ್ನದು ತಪ್ಪಾಗಿರಲಿ ಎಂದು ದೇವರಿಗೆ ಕೈ ಮುಗಿದು ಕೂತಿದ್ದೆ.

ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ಎದೆಯ ಸ್ಕ್ಯಾನ್ ಮಾಡಿಸಿದರು. ಎರಡೂ ಪುಪ್ಪುಸಗಳಲ್ಲಿ ಜೋಳದ ಕಾಳಿನಂಥ ಚುಕ್ಕೆಗಳಿದ್ದವು. ಶ್ರಾವಣ ಕಳೆದಾಗಲೇ ಖರೆ ಹೇಳಿದ್ದರೆ ಆ ಚುಕ್ಕೆಗಳು ಇರುತ್ತಿದ್ದವೋ ಇಲ್ಲವೋ, ಪ್ರಮಾಣ ಮಾಡಿ ಹೇಳಲು ಯಾರಿಂದಲೂ ಆಗದು. ಆದರೆ ಸುಪಾರಿಯಷ್ಟಿದ್ದ ಗಂಟನ್ನು ಸುತ್ತಲ ಮಾಂಸದ ಸಮೇತ ತೆಗೆದು, ಕಾಲನ್ನೂ ಉಳಿಸಿ, ಅವಳನ್ನೂ ಉಳಿಸಬಹುದಾದ ಒಂದು ಬಾಗಿಲು ಆಗ ತೆರೆದಿತ್ತು ಎಂದು ನಾನು ನಂಬಿದ್ದೇನೆ. ಈಗ ಆ ಬಾಗಿಲು ಮುಚ್ಚಿತ್ತು. ಅಲ್ಲಿನ ಡಾಕ್ಟರು ಔಷಧ ಕೊಟ್ಟು ನೋಡೋಣ ಎಂದರು. ನೋಡೋಣ ಎಂದರೆ ಏನೆಂದು ನಮ್ಮ ಕಸುಬಿನವರಿಗೆ ಗೊತ್ತು.

ಔಷಧ ಶುರು ಮಾಡಲು ಅಕ್ಕ ಒಪ್ಪಲಿಲ್ಲ. ಕೂದಲು ಉದುರುತ್ತದೆ ಎಂದು ಯಾರೋ ಹೇಳಿದ್ದರು. ಬೋಳು ತಲೆಯಲ್ಲಿ ಮಗಳಿಗೆ ಹೇಗೆ ಅಕ್ಷತೆ ಹಾಕಲಿ, ಲಗ್ನ ಆಗಲಿ, ಆಮೇಲೆ ನೀವು ಏನು ಬೇಕಾದರೂ ಮಾಡಿ ಎಂದು ಕೂತಳು. ನಾನು ಜಗಳ ಆಡಿದೆ, ಬೈದೆ, ಕಾಲು ಹಿಡಿದೆ. ಬಗ್ಗಲಿಲ್ಲ. ಕೊನೆಗೆ ಗಂಡನೇ ಮುಂಡರಗಿಗೆ ಹೋಗಿ, ಗೊತ್ತು ಮಾಡಿದ್ದ ದಿನಕ್ಕಿಂತ ಮೊದಲೇ ಲಗ್ನ ಮುಗಿಸೋಣ ಎಂದು ಬೀಗರನ್ನು ಕೇಳಿಕೊಂಡು ಬಂದ. ಇಷ್ಟು ಅವಸರ ಯಾಕೆ, ಹುಬ್ಬಳ್ಳಿಗೆ ಯಾಕೆ ಓಡಾಡುತ್ತೀರಿ ಎಂದು ಅವರು ಕೇಳಿದರಂತೆ. ಹೆಂಡತಿ ಹೇಳಿಕೊಟ್ಟದ್ದನ್ನೇ ಇವನು ಹೇಳಿದ: ಇನ್ನೊಮ್ಮೆ ಬಿದ್ದು ಎಲುಬು ಬಿರುಕು ಬಿಟ್ಟಿದೆ, ರಾಡ್ ಹಾಕಿಸಬೇಕಂತೆ, ಆಮೇಲೆ ತಿಂಗಳುಗಟ್ಟಲೆ ಏಳುವ ಹಾಗಿಲ್ಲ. ಅಕ್ಕ ಬಿದ್ದದ್ದು ಅದು ಮೂರನೆಯ ಸಲ.

ಗಂಡನಿಗೆ ಕ್ಯಾನ್ಸರ್ ಎಂದು ಗೊತ್ತಿತ್ತು. ಹುಬ್ಬಳ್ಳಿಯವರು ಅವನೆದುರೇ ಹೇಳಿದ್ದರು. ಮೂರನೆಯ ಸಲದ್ದು ಸುಳ್ಳು ಎಂದೂ ಗೊತ್ತಿತ್ತು, ಹೇಳಿದವನು ಅವನೇ. ಆದರೆ ಮೊದಲಿನ ಎರಡನ್ನೂ ಅವನು ಖರೆ ಎಂದೇ ನಂಬಿದ್ದ. ಬಿದ್ದ ಪೆಟ್ಟೇ ಹುಣ್ಣಾಗಿ, ಹುಣ್ಣೇ ಕ್ಯಾನ್ಸರ್ ಆಯಿತು ಎಂದುಕೊಂಡಿದ್ದ. ಆ ಅಂಚು ಸವೆದಿರುವುದನ್ನು ಮಳೆಗಾಲದ ಮೊದಲೇ ಕಂಡಿದ್ದೆ, ಆಗಲೇ ಸಿಮೆಂಟ್ ಹಾಕಬೇಕಿತ್ತು ಎಂದು ನನ್ನ ಲ್ಯಾಬಿನ ಬಾಗಿಲಲ್ಲಿ ನಿಂತು ಒಂದು ದಿನ ಹೇಳಿದ. ಪೆಟ್ಟಿನಿಂದ ಕ್ಯಾನ್ಸರ್ ಬರುವುದಿಲ್ಲ, ನಿನ್ನದೇನೂ ತಪ್ಪಿಲ್ಲ ಎಂದೆ. ಅವನು ತಲೆಯಾಡಿಸಿ ಹೋದ. ಅವಳು ಬಿದ್ದೇ ಇಲ್ಲ ಎಂಬ ಇನ್ನೊಂದು ಮಾತು ನನ್ನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅದು ನನ್ನ ಮಾತಲ್ಲ, ಅಕ್ಕನದು. ನುಂಗಿಕೊಂಡೆ.

ಲಗ್ನ ಆಯಿತು. ಅಕ್ಕ ತಾನೇ ನೇಯ್ದಿದ್ದ ಸೀರೆ ಉಟ್ಟು, ಕುರ್ಚಿಯಲ್ಲಿ ಕೂತು ಅಕ್ಷತೆ ಹಾಕಿದಳು. ಬೀಗರ ಕಡೆಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಕಾಲು ಹೇಗಿದೆ, ನೋಡಿಕೊಂಡು ಇಳಿಯಬಾರದೇನ್ರಿ ಎಂದು ಅಕ್ಕರೆಯಿಂದ ಬೈದು ಹೋದರು. ಅವಳು ಎಲ್ಲರಿಗೂ ನನ್ನದೇ ತಪ್ಪು ಬಿಡ್ರಿ ಎಂದು ನಗುತ್ತಿದ್ದಳು. ನಾನು ಊಟ ಮಾಡದೆ ಹೊರಟೆ. ಮಾದಲಿ ಬಡಿಸುತ್ತಿದ್ದವರು ತಡೆದರೂ ನಿಲ್ಲಲಿಲ್ಲ.

ಆಮೇಲಿನದನ್ನು ಉದ್ದ ಮಾಡುವುದಿಲ್ಲ. ಔಷಧ ತೆಗೆದುಕೊಂಡಳು, ಕೂದಲು ಹೋಯಿತು, ಚುಕ್ಕೆಗಳು ಹೋಗಲಿಲ್ಲ. ಕೊನೆಕೊನೆಗೆ ಮಲಗಿದರೆ ಉಸಿರು ಸಿಗುತ್ತಿರಲಿಲ್ಲ, ದಿಂಬು ಒರಗಿಸಿಕೊಂಡು ಕೂತೇ ಇರುತ್ತಿದ್ದಳು. ನೋವಿಗೆ ಗುಳಿಗೆ ಇತ್ತು, ಆ ಉಸಿರಿಗೆ ನಮ್ಮ ಹತ್ತಿರ ಹೆಚ್ಚೇನೂ ಇರಲಿಲ್ಲ. ಜೂನಿನಲ್ಲಿ ಮಿರಗ ಮಳೆ ಕೂಡುವ ಹೊತ್ತಿಗೆ ತೀರಿಕೊಂಡಳು. ಕಾಲು ಉಳಿಯಿತು, ಅವಳು ಉಳಿಯಲಿಲ್ಲ.

ಅವತ್ತು ಮುಂಡರಗಿಯ ಬೀಗಿತ್ತಿ ನನ್ನ ಪಕ್ಕದಲ್ಲೇ ಕೂತು ಕಣ್ಣೊರೆಸಿಕೊಂಡು, ಆ ಕುಣಿಯೊಂದು ಇರದಿದ್ದರೆ ಇವತ್ತು ಇರುತ್ತಿದ್ದರು ಎಂದಳು.  ಒಳ್ಳೆಯ ಹೆಂಗಸು, ಸೊಸೆಯನ್ನು ಮಗಳಂತೆ ನೋಡಿಕೊಳ್ಳುತ್ತಾಳೆ. ನಾವು ಹೆದರಿದ್ದು ಇವಳಿಗೇನು ಎಂದು ಅವಳ ಮುಖವನ್ನೇ ನೋಡುತ್ತ ಕೂತೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರೆ ಇವಳು ಏನು ಮಾಡುತ್ತಿದ್ದಳೋ ಈಗ ತಿಳಿಯುವ ದಾರಿಯಿಲ್ಲ. ದಿನಕರ್ಮ ಮುಗಿದ ಮೇಲೆ ಅಕ್ಕನ ಗಂಡ ಎರಡು ಗಾಡಿ ಮಣ್ಣು ತರಿಸಿ ಅವಳ ಮಗ್ಗದ ಕುಣಿಯನ್ನು ಮುಚ್ಚಿ, ಮೇಲೆ ಫರ್ಸಿಕಲ್ಲು ಹಾಸಿಬಿಟ್ಟ. ಈಗ ತನ್ನ ಮಗ್ಗದಲ್ಲಿ ಆ ಜಾಗಕ್ಕೆ ಬೆನ್ನು ಮಾಡಿ ಕೂರುತ್ತಾನೆ.

ನಾಗರ ಪಂಚಮಿಗೆ ಅಕ್ಕನ ಮಗಳು ತವರಿಗೆ ಬಂದಳು. ಲಗ್ನವಾದ ಮೇಲಿನ ಮೊದಲ ಪಂಚಮಿ. ತಾಯಿಯಿಲ್ಲದ ಮನೆಯಲ್ಲಿ ತಾನೇ ಎಳ್ಳುಂಡಿ, ಶೇಂಗಾ ಉಂಡಿ ಕಟ್ಟಿ, ಒಂದು ಡಬ್ಬಿಯಲ್ಲಿ ಹಾಕಿಕೊಂಡು ನನ್ನ ಲ್ಯಾಬಿಗೆ ಬಂದಳು. ಹಬ್ಬದ ದಿನ, ಕೆಲಸದವರು ಯಾರೂ ಇರಲಿಲ್ಲ. ಮುಂಡರಗಿಯ ಸುದ್ದಿ ಹೇಳಿದಳು, ಅಂಗಡಿಯ ಸುದ್ದಿ ಹೇಳಿದಳು. ಎರಡು ತಿಂಗಳ ಬಸುರಿ ಎಂದಳು, ಅತ್ತೆಗೆ ಇನ್ನೂ ಹೇಳಿಲ್ಲ ಎಂದಳು. ಯಾಕೆ ಹೇಳಿಲ್ಲ ಎಂದು ಕೇಳಿದ್ದಕ್ಕೆ ಡಬ್ಬಿಯ ಮುಚ್ಚಳವನ್ನು ತೆಗೆದು ಹಾಕಿ ಮಾಡುತ್ತ ಕೂತ‌ಳು.

“ಚಿಗವ್ವ, ಅವ್ವ ಖರೇನ ಬಿದ್ದಿದ್ಲೇನು?” ಎಂದಳು.

ಆಮೇಲೆ ಎಲ್ಲ ಹೇಳಿದಳು. ಆ ದಿನಗಳಲ್ಲೆಲ್ಲ ಅವಳು ಪಕ್ಕದ ಕೋಣೆಯಲ್ಲೇ ಕೂತು ತಾಯಿಯ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ತಾಯಿಯ ಮಗ್ಗದಲ್ಲಿ ಒಂದು ಎಳೆ ಹರಿದರೂ ಸಪ್ಪಳ ನಿಂತಿದ್ದರಿಂದ ಅವಳಿಗೆ ಗೊತ್ತಾಗುತ್ತಿತ್ತು. ತಾಯಿ ಬಿದ್ದರೆ ಕೇಳಿಸದೇ? ಎರಡೂ ಸಲ ಏನೂ ಕೇಳಿಸಿರಲಿಲ್ಲ. ಬಿದ್ದಿಲ್ಲ ಎಂದಮೇಲೆ ಬಿದ್ದೆ ಎಂದು ಯಾಕೆ ಹೇಳಿದಳು? ಏನನ್ನೋ ಮುಚ್ಚುವುದಕ್ಕೆ. ಏನನ್ನು ಎಂದು ಒಬ್ಬಳೇ ಯೋಚಿಸಿ ಯೋಚಿಸಿ, ಇದು ರಕ್ತದಲ್ಲಿರುವ ರೋಗವೇ ಇರಬೇಕು, ನನ್ನ ಲಗ್ನಕ್ಕಾಗಿ ಅವ್ವ ಅದನ್ನು ಮುಚ್ಚಿಟ್ಟಳು ಎಂದು ತೀರ್ಮಾನಿಸಿಕೊಂಡಿದ್ದಾಳೆ. ದಿನಾ ಮೈ ತೊಳೆಯುವಾಗ ತೊಡೆ ಒತ್ತಿ ಒತ್ತಿ ನೋಡಿಕೊಳ್ಳುತ್ತಾಳೆ. ಈಗ ಹೊಟ್ಟೆಯಲ್ಲಿರುವುದಕ್ಕೂ ಬರುತ್ತದೆಯೇ, ಇದನ್ನು ಇಟ್ಟುಕೊಳ್ಳಲೋ ಬೇಡವೋ ಎಂದು ಕೇಳಲು ಉಂಡಿ ಕಟ್ಟಿಕೊಂಡು ಬಂದಿದ್ದಾಳೆ.

ಮನೆಯಲ್ಲಿ ಯಾರಿಗೂ ಹೇಳಬೇಡ ಎಂದು ಅಕ್ಕ ಮಾತು ತೆಗೆದುಕೊಂಡಿದ್ದು ಈ ಹುಡುಗಿಯ ಬಾಳಿಗಾಗಿ. ಅದೇ ಬಾಳು ನನ್ನೆದುರು ಕೂತು ಡಬ್ಬಿಯ ಮುಚ್ಚಳ ತಿರುವುತ್ತಿತ್ತು. ನಾನು ಎಲ್ಲ ಹೇಳಿದೆ. ಬಿದ್ದಿರಲಿಲ್ಲ ಎಂದೆ. ಸುಪಾರಿಯಷ್ಟಿದ್ದಾಗ ಕೈಗೆ ಹತ್ತಿದ್ದು, ಮುಂಡರಗಿಯವರು ಬಂದದ್ದು, ಮಗ್ಗಕ್ಕೆ ಇಳಿದು ತೋರಿಸಲಾರದೆ ನಕ್ಕದ್ದು, ಎಲ್ಲ. ಎಲ್ಲೋ ಅಪರೂಪಕ್ಕೆ ಕೆಲವು ಮನೆತನಗಳಲ್ಲಿ ಇಂಥ ರೋಗ ಇಳಿದು ಬರುವುದುಂಟು, ಅದಕ್ಕೆ ಬೇರೆ ಗುರುತುಗಳಿರುತ್ತವೆ, ನಿಮ್ಮ ಮನೆತನವನ್ನು ಮೂರು ತಲೆಮಾರು ನಾನು ಬಲ್ಲೆ, ಅಂಥ ಗುರುತು ಒಂದೂ ಇಲ್ಲ ಎಂದೆ. ಇದು ರಕ್ತದ್ದಲ್ಲ, ಪಾಪದ್ದಲ್ಲ, ಪೆಟ್ಟಿನದೂ ಅಲ್ಲ. ಯಾಕೆ ಬಂತೋ ನನಗೂ ಗೊತ್ತಿಲ್ಲ. ನಿನಗಾಗಲಿ ನಿನ್ನ ಕೂಸಿಗಾಗಲಿ ಇದರಿಂದ ಹೆದರಿಕೆಯಿಲ್ಲ, ಮನೆಗೆ ಹೋಗಿ ಅತ್ತೆಗೆ ಸಿಹಿ ಸುದ್ದಿ ಹೇಳು ಎಂದೆ.

ಅವಳಿಗೆ ಹಗುರಾಗುತ್ತದೆ ಎಂದುಕೊಂಡಿದ್ದೆ.  ಅವಳು ಡಬ್ಬಿಯನ್ನು ನನ್ನ ಮೇಜಿನ ಮೇಲಿಟ್ಟು, ಸೆರಗು ಸರಿ ಮಾಡಿಕೊಂಡು ಎದ್ದು ನಿಂತಳು.

“ಹಂಗಾದ್ರ ಚಿಗವ್ವ, ನಮ್ಮವ್ವ ಬೀಳೂದ ಬೇಕಿದ್ದಿಲ್ಲಲ್ಲ,” ಎಂದಳು.